ಮಕ್ಕಳಿಗೆ ಸಂಧಾನದ ಪಾಠ

ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ, 23-24ನೇ ವಚನಗಳನ್ನು ಮಕ್ಕಳಿಗೆ ನಿಧಾನವಾಗಿ ಓದಿ ಹೇಳಬೇಕು. ನಿನಗೆ ಸಿಟ್ಟಿದ್ದರೆ ಅಂತ ಯೇಸುಸ್ವಾಮಿ ಅಲ್ಲಿ ಹೇಳಲಿಲ್ಲ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗು ಎಂದರು. ಕೇಳುತ್ತಿದ್ದವರಲ್ಲಿ ಗಲಿಲೇಯದವರು ಬಹಳ. ಬಲಿಪೀಠವಿದ್ದದ್ದು ಜೆರುಸಲೇಮಿನಲ್ಲಿ, 100 ಕಿಲೋಮೀಟರಿಗೂ ಆಚೆ, ಹಲವು ದಿನದ ಕಾಲ್ನಡಿಗೆ! ಊರಿಗೆ ವಾಪಸ್ ಹೋಗಿ, ರಾಜಿಯಾಗಿ, ಮತ್ತೆ ಬರಬೇಕು. ಬೆಟ್ಟ ಹತ್ತಿ ಬಂದ ಮಕ್ಕಳಿಗೆ ಈ ದೂರ ಬೇಗ ಅರ್ಥವಾಗುತ್ತೆ.

ತಮ್ಮನ ಆಟಿಕೆ ಮುರಿದ ಅಕ್ಕನಿಂದ ಬಲವಂತಕ್ಕೆ ‘ಸಾರಿ’ ಹೇಳಿಸಿದರೆ ಗಲಾಟೆ ನಿಲ್ಲುತ್ತೆ, ಅಷ್ಟೆ. ಏನು ಬೇಜಾರಾಯ್ತು ಅಂತ ಅವಳೇ ಹೋಗಿ ಕೇಳಲಿ, ಅವನು ಹೇಳಿ ಮುಗಿಸುವ ತನಕ ಸುಮ್ಮನೆ ಕೂತಿರಲಿ. ಇಷ್ಟು ಕಲಿಸುವುದು ಕಷ್ಟವೇನಲ್ಲ. ಕಷ್ಟ ಇರೋದು, “ಅಪ್ಪಾ, ನೀವ್ಯಾಕೆ ಚಿಕ್ಕಪ್ಪನ ಹತ್ರ ಮಾತಾಡಲ್ಲ?” ಅಂತ ಮಗು ಕೇಳಿದಾಗ.