ಆಟದ ನೋವಿಗೆ ಗೂಡಿನ ಮಾತ್ರೆ ಬೇಡ



ಎತ್ತು ಕುಂಟಿದರೆ ನೀವು ನೊಗ ಇಳಿಸಿ ಕೊಟ್ಟಿಗೆಯಲ್ಲಿ ಕಟ್ಟುತ್ತೀರಿ. ಬಿತ್ತನೆಯ ಹದ ಮೀರುತ್ತಿದ್ದರೂ ಅದನ್ನು ಹೂಡುವುದಿಲ್ಲ. ಆದರೆ ಶಾಲೆಯ ಕಬಡ್ಡಿ ತಂಡದ ಹುಡುಗನು ಕಾಲು ಉಳುಕಿಸಿಕೊಂಡು ಬಂದಾಗ, ನಾಳೆ ಪಂದ್ಯವಿದೆಯೆಂದು, ಅಜ್ಜನ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ತಂದು ಉಳಿದ ಮಾತ್ರೆಯನ್ನು ಗೋಡೆಯ ಗೂಡಿನಿಂದ ತೆಗೆದುಕೊಡುವವರಿದ್ದಾರೆ. ಪ್ರೀತಿಯಿಂದಲೇ ಮಾಡುವ ತಪ್ಪು ಇದು.

ನೋವಿನ ಮಾತ್ರೆಗಳೆಲ್ಲ ಒಂದೇ ಜಾತಿಯವಲ್ಲ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೇರೆ. ಟ್ರಮಡಾಲ್, ಟಪೆಂಟಡಾಲ್, ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೋಡೀನ್, ಇವು ಅಫೀಮಿನ ಬಳಗದವು. ಇವು ಉಳುಕನ್ನು ವಾಸಿಮಾಡುವುದಿಲ್ಲ. ನೋವಿನ ಸುದ್ದಿ ಮೆದುಳಿಗೆ ಮುಟ್ಟದಂತೆ ತಡೆಯುತ್ತವೆ, ಅಷ್ಟೇ. ನೋವು ತಿಳಿಯದ ಹುಡುಗ ಆಡುತ್ತಾನೆ. ಸಣ್ಣ ಪೆಟ್ಟು ದೊಡ್ಡದಾಗುತ್ತದೆ. ದಿನ ಕಳೆದಂತೆ ಒಂದು ಮಾತ್ರೆಯ ಆರಾಮಕ್ಕೆ ಎರಡು ಬೇಕಾಗುತ್ತವೆ. ಬಿಟ್ಟರೆ ಮೈನೋವು, ಆಕಳಿಕೆ, ಮೂಗು ಸೋರುವುದು, ಭೇದಿ, ನಿದ್ದೆಗೇಡು. ಪ್ರಮಾಣ ಮೀರಿದರೆ, ಅದರಲ್ಲೂ ಮದ್ಯ ಜೊತೆ ಸೇರಿದರೆ, ಉಸಿರು ನಿಧಾನವಾಗಿ ಪ್ರಾಣವೇ ಹೋಗಬಹುದು.

ಟ್ರಮಡಾಲನ್ನು ಕೇಂದ್ರ ಸರ್ಕಾರವು 2018ರಲ್ಲಿ ಮಾದಕ ವಸ್ತುಗಳ ಕಾಯಿದೆಯ ಕೆಳಗೆ ತಂದಿತು. 2024ರ ಜನವರಿ 1ರಿಂದ ಅಂತರರಾಷ್ಟ್ರೀಯ ನಿಯಮದಂತೆ ಪಂದ್ಯದ ವೇಳೆಯಲ್ಲಿ ಅದು ನಿಷಿದ್ಧ. ಮುಂದೆ ದೊಡ್ಡ ಪಂದ್ಯಗಳಿಗೆ ಹೋಗಬೇಕೆಂಬ ಮಗನಿಗೂ ಮಗಳಿಗೂ ಇದನ್ನು ಈಗಲೇ ಹೇಳಿರಿ.

ಹಾಗಾದರೆ ಉಳುಕಿಗೆ ಏನು ಮಾಡಬೇಕು? ಮೊದಲ ಎರಡು ದಿನ ಆ ಕಾಲಿಗೆ ಕೆಲಸ ಕೊಡಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಇಲ್ಲವಾದರೆ ತಣ್ಣೀರಿನ ಬಟ್ಟೆಯನ್ನು ಒಮ್ಮೆಗೆ 15-20 ನಿಮಿಷ ಇಡಿರಿ. ಅಗಲವಾದ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿರಿ. ನಮ್ಮಲ್ಲಿ ಮೊದಲು ಎಣ್ಣೆ ಹಚ್ಚಿ ತಿಕ್ಕಿ ಶಾಖ ಕೊಡುತ್ತಾರೆ. ಊದಿಕೊಂಡಿರುವಾಗ ಅದು ಬೇಡ. ಕಾಲೂರಲಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮತ್ತೆ ಅಂಗಳಕ್ಕೆ ಇಳಿಯುವ ದಿನವನ್ನು ವೈದ್ಯರು ಹೇಳಲಿ, ತಂಡದವರಲ್ಲ.

ಬೆಳೆಗೆ ಹೊಡೆಯುವ ವಿಷವನ್ನು ಮಕ್ಕಳ ಕೈಗೆ ಸಿಗದಂತೆ ಇಡುತ್ತೀರಲ್ಲವೇ? ಈ ಮಾತ್ರೆಗಳನ್ನೂ ಎಣಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಉಳಿದುದನ್ನು ಏನು ಮಾಡಬೇಕೆಂದು ವೈದ್ಯರನ್ನೋ ಔಷಧದ ಅಂಗಡಿಯವರನ್ನೋ ಕೇಳಿರಿ. ಇದನ್ನು ಓದಿ ಹೆದರಿ, ಕ್ಯಾನ್ಸರಿನಿಂದ ನರಳುವ ಹಿರಿಯರ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಅವರಿಗೆ ಅದು ಬೇಕೇ ಬೇಕು.

ಹುಡುಗನು ಹಗಲೆಲ್ಲ ತೂಕಡಿಸುತ್ತಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಮಾತ್ರೆಯೋ ದುಡ್ಡೋ ಕಾಣೆಯಾಗುತ್ತಿದ್ದರೆ, ಹತ್ತಿರ ಕೂರಿಸಿಕೊಂಡು ಕೇಳಿರಿ. ಹೊಡೆದು ಕೂಡಿಹಾಕಿದರೆ ಚಟ ಬಿಡದು, ಇದಕ್ಕೆ ಚಿಕಿತ್ಸೆಯಿದೆ. 14446ಕ್ಕೆ ಕರೆಮಾಡಿದರೆ ದುಡ್ಡಿಲ್ಲದೆ ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಎಬ್ಬಿಸಿದರೂ ಏಳದೆ, ಉಸಿರು ತೀರ ನಿಧಾನವಾಗಿದ್ದರೆ ಮಗ್ಗುಲಿಗೆ ಮಲಗಿಸಿ, ಒಡನೆಯೇ 108ಕ್ಕೆ ಕರೆಮಾಡಿ, ವಾಹನ ಬರುವವರೆಗೂ ಪಕ್ಕದಲ್ಲೇ ಇರಿ. ಯಾವ ಮಾತ್ರೆ ನುಂಗಿದನೋ ಅದರ ಖಾಲಿ ಹಾಳೆಯನ್ನು ಆಸ್ಪತ್ರೆಗೆ ಒಯ್ಯಿರಿ.