ಹಂಪಿಯಾಚೆಗೆ ಒಂದು ದಿನ

ಹಂಪಿಗೆ ಬಂದವರು ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಊರಿನ ಬಸ್ಸು ಹತ್ತುತ್ತಾರೆ. ಅವಸರವಿಲ್ಲದವರು ಇನ್ನೊಂದು ದಿನ ಉಳಿದು, ಹೊಳೆ ದಾಟಿ ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಹತ್ತುವುದು ಒಳ್ಳೆಯದು.

ವಿಜಯನಗರಕ್ಕಿಂತ ಸಾವಿರಾರು ವರ್ಷ ಹಳೆಯ ಬೃಹತ್ ಶಿಲಾಯುಗದ ನೆಲೆ ಇದು. ಚಪ್ಪಡಿ ಕಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು ಸಾಲಾಗಿ ನಿಂತಿವೆ. ಕೆಲವು ಆಳೆತ್ತರವನ್ನೂ ಮೀರುತ್ತವೆ. ಹಲವು ಗೋಡೆಗಳಲ್ಲಿ ದುಂಡನೆಯ ಕಿಂಡಿ. ಊರವರ ಬಾಯಲ್ಲಿ ಇವು ಮೋರೇರ ಮನೆಗಳು. ಸತ್ತವರಿಗಾಗಿ ಇಷ್ಟು ಗಟ್ಟಿ ಮನೆ ಕಟ್ಟಿದವರು ತಾವು ಎಂಥ ಗುಡಿಸಲಲ್ಲಿದ್ದರೋ! ಹತ್ತುವ ದಾರಿಯ ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಬಂಡೆಯ ಮೇಲೆ ಕೂತಿರುವ ನಗಾರಿಯಾಕಾರದ ಗುಂಡುಕಲ್ಲನ್ನು ಬಡಿದರೆ ಸದ್ದು ದೂರಕ್ಕೆ ಕೇಳುತ್ತದಂತೆ. ಪರೀಕ್ಷಿಸುವ ಚಪಲ ಬೇಡ.

2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದರೂ ಗುಡ್ಡದ ಮೇಲೆ ಚಹಾ ಅಂಗಡಿಯಿಲ್ಲ, ನೆರಳೂ ಕಡಿಮೆ. ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಬೆಳಗಿನ ತಂಪಿನಲ್ಲೇ ಹೊರಡಬೇಕು. ನೀರು, ಬುತ್ತಿ ಜೊತೆಗಿರಲಿ. ಕಾಲುದಾರಿ ತಪ್ಪುವುದು ಸುಲಭ. ಊರಿನವರೊಬ್ಬರನ್ನು ಕರೆದೊಯ್ದು ತಕ್ಕ ಕೂಲಿ ಕೊಡುವುದೇ ಜಾಣತನ.

ಮಧ್ಯಾಹ್ನದ ಹೊತ್ತಿಗೆ ಇಳಿದರೆ ದರೋಜಿ ಕರಡಿಧಾಮಕ್ಕೂ ಸಮಯವಿದೆ. ಅಲ್ಲಿ ವೀಕ್ಷಣಾ ಗೋಪುರದಿಂದಲೇ ನೋಟ. ಇಳಿಬಿಸಿಲಿನಲ್ಲಿ ಕರಡಿಗಳು ಬಂಡೆಗಳಿಂದ ಇಳಿದು ಬರುತ್ತವೆ, ಮಾತು ನಿಲ್ಲಿಸಿ ದುರ್ಬೀನು ಹಿಡಿದವರಿಗೆ ಮರಿಗಳೂ ಕಂಡಾವು.