ಬಾಡಿಗಿ ಲೆಕ್ಕ, ತೆರಿಗೆ ಲೆಕ್ಕ

ನರಗುಂದದ ಹತ್ತಿರದ ಶಿರೋಳದಲ್ಲಿ ಹುಟ್ಟಿ ಬೆಳೆದ ನಮಗೆ ಕರ ಅಂದರೆ ನೀರಿನ ಕರ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಸಿಡಿದೆದ್ದದ್ದು ಮಲಪ್ರಭಾ ನೀರಾವರಿಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ. ಆದಾಯ ತೆರಿಗೆಗೆ ಮಾತ್ರ ನಮ್ಮ ಮನೆಯ ದಾರಿ ಗೊತ್ತಿರಲಿಲ್ಲ. ಹೆಸರು, ಕಡಲೆ ಮಾರಿ ಬಂದದ್ದು ಕೃಷಿ ಆದಾಯ, ಅದಕ್ಕೆ ತೆರಿಗೆಯಿಲ್ಲ. ನಾನು ಮಾಸ್ತರಿಕೆ ಹಿಡಿದು, ಬ್ಯಾಂಕಿನ ಸಾಲದಲ್ಲಿ ಧಾರವಾಡದಲ್ಲೊಂದು ಮನೆ ಕೊಂಡು ಬಾಡಿಗೆಗೆ ಕೊಟ್ಟ ಮೇಲೆ ಆ ಪರಿಚಯವೂ ಆಯಿತು.

ಊರಿಗೆ ಹೋದರೆ ಅಣ್ಣನದು ಒಂದೇ ಪ್ರಶ್ನೆ: ‘ಬಾಡಿಗಿ ಎಷ್ಟ ಬರತೈತೋ ತಮ್ಮಾ?’ ಉತ್ತರ ಎರಡು. ಕೈಗೆ ಬರುವುದು ಒಂದು, ಸರ್ಕಾರ ಎಣಿಸುವುದು ಇನ್ನೊಂದು. ತಿಂಗಳಿಗೆ 15,000 ಬಾಡಿಗೆ ಅಂತಿಟ್ಟುಕೊಳ್ಳಿ, ವರ್ಷಕ್ಕೆ 1,80,000. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ 6,000 ಕಳೆದರೆ 1,74,000. ಇದರಲ್ಲಿ ಶೇ 30ರಷ್ಟನ್ನು, ಅಂದರೆ 52,200ನ್ನು, ದುರಸ್ತಿ ಇತ್ಯಾದಿಗೆಂದು ಕಾನೂನೇ ಬಿಟ್ಟುಕೊಡುತ್ತದೆ. ನೀವು ಒಂದು ಮೊಳೆ ಹೊಡೆಯದಿದ್ದರೂ ಅಷ್ಟೇ, ಸುಣ್ಣ ಬಣ್ಣ, ನಳ, ಮೋಟರು ಎಂದು ಲಕ್ಷ ಸುರಿದರೂ ಅಷ್ಟೇ. ಏಜೆಂಟರ ಕಮಿಷನ್ನಿಗೆ ಬೇರೆ ಲೆಕ್ಕವಿಲ್ಲ. ಆಸ್ತಿ ತೆರಿಗೆಗೂ ಒಂದು ಷರತ್ತಿದೆ: ಅದನ್ನು ಮಾಲೀಕನೇ ಕಟ್ಟಿರಬೇಕು, ಅದೇ ವರ್ಷ ಕಟ್ಟಿರಬೇಕು. ಬಾಕಿ ಉಳಿಸಿದ ಕರ ಕಳೆಯಲು ಬರುವುದಿಲ್ಲ.

ಉಳಿದದ್ದು 1,21,800. ಸಾಲದ ಬಡ್ಡಿ ಆ ವರ್ಷ 2,40,000 ಆಗಿದ್ದರೆ ಕಾಗದದ ಮೇಲೆ 1,18,200 ನಷ್ಟ. ನಮ್ಮ ಸ್ಟಾಫ್ ರೂಮಿನಲ್ಲಿ ‘ಟ್ಯಾಕ್ಸ್ ಉಳಿಸಾಕ ಮನಿ ತಗೋರಿ’ ಎನ್ನುತ್ತಿದ್ದದ್ದು ಈ ನಷ್ಟವನ್ನು ನೆಚ್ಚಿಕೊಂಡೇ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇದನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಮಿಕ್ಕದ್ದನ್ನು ಮುಂದಿನ 8 ವರ್ಷ ಮನೆ ಬಾಡಿಗೆಯ ಆದಾಯದಲ್ಲಿ ಸರಿದೂಗಿಸಬಹುದು. ಹೊಸ ಪದ್ಧತಿಯಲ್ಲಿ ಬಡ್ಡಿಯನ್ನು ಬಾಡಿಗೆಯಿಂದ ಕಳೆಯಬಹುದು, ಆದರೆ ನಷ್ಟ ಸಂಬಳದ ಕಡೆ ದಾಟುವುದಿಲ್ಲ. ಈಗ ಹೆಚ್ಚಿನವರು ಇರುವುದು ಹೊಸ ಪದ್ಧತಿಯಲ್ಲೇ. ಆದ್ದರಿಂದ ತೆರಿಗೆ ಉಳಿಸಲೆಂದೇ ಸಾಲ ಮಾಡಿ ಮನೆ ಕೊಳ್ಳುವವರಿಗೆ ನಾನು ಬೇಡ ಎನ್ನುತ್ತೇನೆ. ಕಂತಿನಲ್ಲಿ ಸೇರಿದ ಅಸಲಿಗಂತೂ ಬಾಡಿಗೆಯ ಲೆಕ್ಕದಲ್ಲಿ ಯಾವ ವಿನಾಯಿತಿಯೂ ಇಲ್ಲ.

ಇಷ್ಟು ಕೇಳಿದ ಅಣ್ಣ, ‘ಹೆಂಡತಿ ಹೆಸರಿಲೆ ಮಾಡಿಸಬೇಕಿತ್ತಲ್ಲೋ’ ಅಂದ. ಊರಲ್ಲಿ ಎಲ್ಲರೂ ಕೊಡುವ ಸಲಹೆ ಇದು. ಆಕೆಯದೇ ದುಡ್ಡಾಗಿದ್ದರೆ ಸರಿ. ಗಂಡ ಪುಕ್ಕಟೆ ಬರೆದುಕೊಟ್ಟರೆ ಕಾನೂನು ಗಂಡನನ್ನೇ ಮಾಲೀಕನೆಂದು ಎಣಿಸಿ, ಬಾಡಿಗೆಯನ್ನು ಅವನ ಆದಾಯಕ್ಕೇ ಸೇರಿಸುತ್ತದೆ. ಇನ್ನು ಊರ ಹೊಲದಲ್ಲಿ ನನಗಿರುವ ಪಾಲು: ಅದರ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ವರ್ಷಕ್ಕೆ 5,000 ದಾಟಿದರೆ ಉಳಿದ ಆದಾಯದ ತೆರಿಗೆ ಎಣಿಸುವಾಗ ಅದನ್ನು ತೋರಿಸಬೇಕಾಗುತ್ತದೆ.

ನಮ್ಮ ಕಡೆಯವರಿಗೆ ತೆರಿಗೆಗಿಂತ ದೊಡ್ಡ ಭಯ ಬಾಡಿಗೆದಾರನದು. 1974ರ ಭೂಸುಧಾರಣೆಯಲ್ಲಿ ಲಾವಣಿ (ಗೇಣಿ) ಮಾಡುತ್ತಿದ್ದವರು ಡಿಕ್ಲರೇಶನ್ ಕೊಟ್ಟು ಹೊಲದ ಒಡೆಯರಾದರು. ಆಗಬೇಕಾದದ್ದೇ ಆಯಿತು ಎನ್ನುವವನು ನಾನು. ಆದರೆ ಕಾಗದ ಮಾಡಿಕೊಟ್ಟರೆ ಮನೆಯೂ ಹೋದೀತು ಎಂಬ ಅಂಜಿಕೆ ಅಂದಿನಿಂದ ಇನ್ನೂ ಹೋಗಿಲ್ಲ. ಆ ಕಾಯ್ದೆ ಬೇಸಾಯದ ಜಮೀನಿಗೆ ಸಂಬಂಧಿಸಿದ್ದು, ಧಾರವಾಡದ ಎರಡು ಕೋಣೆಯ ಮನೆಗಲ್ಲ. ಬಾಡಿಗೆದಾರ ಯಾವಾಗ ಬಂದ, ಎಷ್ಟಕ್ಕೆ ಒಪ್ಪಿದ, ಯಾವಾಗ ಬಿಡಬೇಕು ಎಂಬುದಕ್ಕೆ ಕರಾರು ಪತ್ರವೇ ಸಾಕ್ಷಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ನಾನೂ ಹಾಗೇ ಬರೆಸುತ್ತೇನೆ, ಬಾಡಿಗೆಯನ್ನು ಬ್ಯಾಂಕಿಗೇ ಹಾಕಿಸುತ್ತೇನೆ. ತಿರುಗಿ ಕೊಡಬೇಕಾದ ಡಿಪಾಜಿಟ್ ಆದಾಯವಲ್ಲ. ಅದನ್ನು ಮಗಳ ಮದುವೆಗೆ ಖರ್ಚು ಮಾಡಿಕೊಂಡವರು ಮನೆ ಖಾಲಿಯಾದ ದಿನ ಕೈಗಡಕ್ಕೆ ಓಡಾಡಿದ್ದನ್ನು ಕಂಡಿದ್ದೇನೆ.

ಮಾರುವ ಮಾತು ಬಂದಾಗ ಕಾಗದಗಳಿಗೆ ಬೆಲೆ ಬರುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ಶೇ 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ, ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿಕೊಂಡು ಶೇ 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಖರೀದಿಪತ್ರದ ಮೊತ್ತ, ಮುದ್ರಾಂಕ ಶುಲ್ಕ, ಆಮೇಲೆ ಕಟ್ಟಿಸಿದ ಮೇಲಿನ ಕೋಣೆಯ ಖರ್ಚು ಎಲ್ಲವೂ ಕೊಂಡ ಬೆಲೆಗೆ ಸೇರುತ್ತವೆ, ರಸೀದಿ ಇದ್ದರೆ. ಅಣ್ಣನಿಗೆ ಈ ಒಂದು ಮಾತು ಮಾತ್ರ ಪೂರ್ತಿ ಹಿಡಿಸಿತು. ನರಗುಂದದಲ್ಲಿ ತಾನು ಕಟ್ಟಿಸುತ್ತಿರುವ ಎರಡು ಅಂಗಡಿಗಳ ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ಈಗ ತನ್ನ ಹೆಸರಿಗೇ ಬರೆಸಿಕೊಳ್ಳುತ್ತಿದ್ದಾನೆ. ಗೌಂಡಿಯ ಪಗಾರಕ್ಕೆ ರಸೀದಿ ಹೇಗೆ ಕೇಳುವುದು ಎಂಬುದೊಂದೇ ಅವನಿಗೆ ಇನ್ನೂ ಬಗೆಹರಿದಿಲ್ಲ.